ಆ ಸಿನಿಮಾ ಮಕ್ಕಳಿಗೆ ತೋರಿಸಬಹುದಾ ಟೀಚರ್?

ಪ್ರತಿ ವರ್ಷ, ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಕಳೆದ ಮೇಲೆ ಬರುವ ಮೊದಲ ಭಾನುವಾರ ಈ ಪ್ರಶ್ನೆ ಬಂದೇ ಬರುತ್ತದೆ. ಪೂಜೆ ಮುಗಿದಿರುತ್ತದೆ. ನಾನು ಜ್ಞಾನೋಪದೇಶದ ತರಗತಿಗೆ ಮಕ್ಕಳನ್ನು ಸೇರಿಸುತ್ತಿರುತ್ತೇನೆ. ಯಾರಾದರೂ ಒಬ್ಬರು ತಾಯಿ ಹತ್ತಿರ ಬರುತ್ತಾರೆ. "ಟೀಚರ್, ಆ ಯೇಸುಸ್ವಾಮಿ ಸಿನಿಮಾ ಇದೆಯಲ್ಲ, ಹೊಡೆಯೋದು ಬಡಿಯೋದು ಜಾಸ್ತಿ ಇರೋದು, ಅದನ್ನ ಮಕ್ಕಳಿಗೆ ತೋರಿಸಬಹುದಾ? ಶುಭ ಶುಕ್ರವಾರ ಮನೆಯವರೆಲ್ಲ ಕೂತು ನೋಡೋಣ ಅಂತ."

ಅವರು ಕೇಳುವುದು ಮೆಲ್ ಗಿಬ್ಸನ್ ನಿರ್ದೇಶಿಸಿದ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಬಗ್ಗೆ. ಅಮೆರಿಕದಲ್ಲಿ ಅದು ಬಿಡುಗಡೆಯಾದದ್ದು 2004ರ ಫೆಬ್ರವರಿ 25ರಂದು. ಆ ವರ್ಷ ವಿಭೂತಿ ಬುಧವಾರ ಬಂದದ್ದೂ ಅವತ್ತೇ. ಯೇಸುವನ್ನು ಹಿಡಿದ ರಾತ್ರಿಯಿಂದ ಶಿಲುಬೆಯ ತನಕದ ಕಥೆ. ಮಾತೆಲ್ಲ ಅರಮಾಯಿಕ್, ಹೀಬ್ರೂ, ಲ್ಯಾಟಿನ್ ಭಾಷೆಗಳಲ್ಲಿ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ತಾವು ನೋಡಿದ ಚಿತ್ರಗಳಲ್ಲೇ ಇಷ್ಟು ಹಿಂಸೆ ಇರುವುದು ಬೇರೊಂದಿಲ್ಲ ಎಂದು ಬರೆದರು. ಆದರೂ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಬೇಡ. ಹೀಗೆ ಗಟ್ಟಿಯಾಗಿ ಹೇಳಲು ಕಾರಣ, ಒಂದು ಸಲ ನಾನೇ ತೋರಿಸಿದ್ದೇನೆ.

ಅದು 2006ರ ತಪಸ್ಸು ಕಾಲ. ಮೈಸೂರಿನ ನಮ್ಮ ಸಣ್ಣ ಚರ್ಚಿನ ಹಾಲ್‌ನಲ್ಲಿ ಸಿನಿಮಾ ಹಾಕೋಣ ಎಂದು ಹೇಳಿದವಳು ನಾನು. ಪ್ರೊಜೆಕ್ಟರ್ ಬಾಡಿಗೆಗೆ ತಂದೆವು. ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಐವತ್ತು ಅರವತ್ತು ಜನ ಸೇರಿದ್ದರು. ಮಕ್ಕಳು ಮುಂದೆ ಚಾಪೆಯ ಮೇಲೆ, ದೊಡ್ಡವರು ಹಿಂದೆ ಕುರ್ಚಿಗಳಲ್ಲಿ. ನಾನು ಅದನ್ನು ಮೊದಲು ನೋಡಿರಲಿಲ್ಲ. ಎಲ್ಲರೂ ಹೊಗಳುತ್ತಿದ್ದರು, ದೇವರ ಸಿನಿಮಾ, ಅಷ್ಟೇ ಸಾಕು ಎಂದುಕೊಂಡಿದ್ದೆ. ಚಿಕ್ಕವಳಿದ್ದಾಗ ಊರಿನ ಬಯಲಿನಲ್ಲಿ ಪರದೆ ಕಟ್ಟಿ ತೋರಿಸುತ್ತಿದ್ದ ಯೇಸುವಿನ ಚಿತ್ರಗಳೇ ನನ್ನ ತಲೆಯಲ್ಲಿದ್ದವು. ಅವುಗಳಲ್ಲಿ ಕುರುಡರಿಗೆ ಕಣ್ಣು ಬರುತ್ತಿತ್ತು. ಐದು ರೊಟ್ಟಿ ಸಾವಿರಾರು ಜನರಿಗೆ ಸಾಕಾಗುತ್ತಿತ್ತು.

ಚಾಟಿ ಏಟಿನ ದೃಶ್ಯ ಬಂದಾಗ ಹಾಲ್ ಪೂರ್ತಿ ನಿಶ್ಶಬ್ದ. ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ಶುಭಸಂದೇಶದಲ್ಲಿ ಇದು ಒಂದೇ ಸಾಲು. ರೋಮನ್ ರಾಜ್ಯಪಾಲ ಪಿಲಾತ ಯೇಸುವನ್ನು ಕೊರಡೆಗಳಿಂದ ಹೊಡೆಸಿದ ಎಂದು ಯೊವಾನ್ನರು ಬರೆದು ಮುಂದೆ ಹೋಗುತ್ತಾರೆ. ಎಷ್ಟು ಏಟು, ಎಲ್ಲೆಲ್ಲಿ ಬಿತ್ತು, ಒಂದೂ ಇಲ್ಲ. ಸಿನಿಮಾದಲ್ಲಿ ಅದು ನಿಮಿಷಗಟ್ಟಲೆ ನಡೆಯುತ್ತದೆ. ಮೊದಲು ಕೋಲು. ಆಮೇಲೆ ಕೊಕ್ಕೆ ಕಟ್ಟಿದ ಚಾಟಿ. ಸೈನಿಕರು ಲ್ಯಾಟಿನ್ನಿನಲ್ಲಿ ಏಟು ಎಣಿಸುತ್ತಾರೆ. ಮುಗಿಯಿತು ಎಂದುಕೊಂಡಾಗ ಮತ್ತೆ ಶುರುವಾಗುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬರು ಸೆರಗಿನಿಂದ ಮುಖ ಮುಚ್ಚಿಕೊಂಡು "ಸಾಕು ಮಾಡ್ರಪ್ಪಾ" ಎಂದರು. ನಾನು ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ದೇವರ ಯಾತನೆಯನ್ನು ಅರ್ಧಕ್ಕೆ ನಿಲ್ಲಿಸುವುದು ಅಪಚಾರ ಅನಿಸಿತ್ತು.

ಮುಂದಿನ ಭಾನುವಾರ ತರಗತಿಗೆ ಮೊದಲು ಮಕ್ಕಳು ಚರ್ಚಿನ ಹಿಂದೆ ಆಡುತ್ತಿದ್ದರು. ವಾಲಿಬಾಲ್ ಕಂಬಕ್ಕೆ ಒಬ್ಬ ಹುಡುಗನನ್ನು ದುಪಟ್ಟಾದಿಂದ ಕಟ್ಟಿದ್ದರು. ಇಬ್ಬರು ಸ್ಕಿಪ್ಪಿಂಗ್ ಹಗ್ಗ ಹಿಡಿದು ಸೈನಿಕರಾಗಿದ್ದರು. ಉಳಿದವರು ಸುತ್ತ ನಿಂತು ಎಣಿಸುತ್ತಿದ್ದರು. ಒಂದು, ಎರಡು, ಮೂರು. ಕಟ್ಟಿಸಿಕೊಂಡವನು ನಗುತ್ತಲೇ ಇದ್ದ, ಹೊಡೆತವೂ ಜೋರಾಗಿರಲಿಲ್ಲ. ಆದರೆ ಏಳೆಂಟು ವರ್ಷದ ಒಂದು ಹುಡುಗಿ ಗೋಡೆಗೆ ಒರಗಿ ಅಳುತ್ತಿದ್ದಳು. ನನ್ನನ್ನು ನೋಡಿದ್ದೇ ಓಡಿ ಬಂದು, "ಟೀಚರ್, ಬಿಟ್ಟುಬಿಡೋಕೆ ಹೇಳಿ" ಎಂದಳು.

ಆ ಆಟದಲ್ಲಿ ಯೇಸುವಿನ ಶಿಷ್ಯ ಪೇತ್ರ ಇರಲಿಲ್ಲ. ಮುಖ ಒರೆಸಿದ ವೆರೋನಿಕ ಇರಲಿಲ್ಲ. ಶಿಲುಬೆಗೆ ಹೆಗಲು ಕೊಟ್ಟ ಸಿಮೋನನೂ ಇರಲಿಲ್ಲ. ಎರಡು ಗಂಟೆಯ ಸಿನಿಮಾದಿಂದ ಆ ಮಕ್ಕಳು ಮನೆಗೆ ತಂದದ್ದು ಚಾಟಿಯನ್ನು ಮಾತ್ರ. ಅವರ ತಪ್ಪು ಏನಿತ್ತು? ಅತಿ ಹೆಚ್ಚು ಹೊತ್ತು ತೋರಿಸಿದ್ದು ಅದನ್ನೇ ಅಲ್ವಾ. ಅಮೆರಿಕದಲ್ಲಿ ಹದಿನೇಳು ತುಂಬದವರು ದೊಡ್ಡವರ ಜೊತೆಯಿಲ್ಲದೆ ಈ ಚಿತ್ರಕ್ಕೆ ಹೋಗುವಂತಿರಲಿಲ್ಲ. ನಾನು ಆರು ವರ್ಷದವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಆ ಹುಡುಗಿಯ ಅಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಮಗಳು ಮೂರು ರಾತ್ರಿ ಲೈಟ್ ಆರಿಸಲು ಬಿಟ್ಟಿರಲಿಲ್ಲವಂತೆ.

ಆಮೇಲೆ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋದೆ. ನಿಮಗೆ ಏನನಿಸಿತು? ಒಂದೇ ಪಂಚೆಯ ಮೇಲೆ ಒಬ್ಬೊಬ್ಬರು ಒಂದೊಂದು ಸಿನಿಮಾ ನೋಡಿದ್ದರು.

ನಮ್ಮಲ್ಲಿ ಒಬ್ಬರು ಹಿರಿಯರಿದ್ದರು. ಬೆಂಗಳೂರು ರಸ್ತೆಯ ಅಪಘಾತದಲ್ಲಿ ಮಗನನ್ನು ಕಳೆದುಕೊಂಡವರು. ಚಾಟಿ ಏಟು ಬೀಳುವಾಗ ಅವರು ಸುಮ್ಮನೆ ಕೂತಿದ್ದರು. ಶಿಲುಬೆ ಹೊತ್ತ ಯೇಸು ಕುಸಿದು ಬೀಳುವ ಒಂದು ದೃಶ್ಯವಿದೆ. ಯೇಸುವಿನ ತಾಯಿ ಮರಿಯಮ್ಮನವರಿಗೆ ಮಗ ಚಿಕ್ಕವನಿದ್ದಾಗ ಎಡವಿ ಬಿದ್ದದ್ದು ನೆನಪಾಗುತ್ತದೆ. ಅಂದು ಓಡಿದ ಹಾಗೆಯೇ ಈಗಲೂ ಓಡುತ್ತಾರೆ. ಅಲ್ಲಿ ಆ ಹಿರಿಯರು ಬಿಕ್ಕಿ ಬಿಕ್ಕಿ ಅತ್ತರು. "ನನ್ನ ಮಗ ರಸ್ತೇಲಿ ಬಿದ್ದಿದ್ದಾಗ ಓಡೋಕೆ ನಾನು ಅಲ್ಲಿರಲಿಲ್ಲವಲ್ಲಮ್ಮ" ಎಂದರು. ಆ ದೃಶ್ಯದಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ ಇರುವುದು ಅಲ್ಲೇ.

ನಮ್ಮ ಪಕ್ಕದ ಮನೆಯವರು ಹಿಂದೂಗಳು, ಕುತೂಹಲಕ್ಕೆ ಬಂದಿದ್ದರು. ಅವರ ಮನಸ್ಸಿನಲ್ಲಿ ಉಳಿದದ್ದು ಪಿಲಾತನ ಹೆಂಡತಿ. ಅವಳು ಬಿಳಿ ಬಟ್ಟೆ ತಂದು ಮರಿಯಮ್ಮನ ಕೈಗೆ ಕೊಡುತ್ತಾಳೆ. ಆ ತಾಯಿ ಅದರಿಂದ ಕಲ್ಲಿನ ಮೇಲಿದ್ದ ಮಗನ ರಕ್ತ ಒರೆಸುತ್ತಾರೆ. "ಇದು ನಿಮ್ಮ ಬೈಬಲ್‌ನಲ್ಲಿ ಇದೆಯಾ?" ಎಂದು ಕೇಳಿದರು. ಹುಡುಕಿದೆ, ಇಲ್ಲ. 1824ರಲ್ಲಿ ತೀರಿಕೊಂಡ ಆನ್ ಕ್ಯಾಥರೀನ್ ಎಮ್ಮರಿಕ್ ಎಂಬ ಜರ್ಮನ್ ಸಂನ್ಯಾಸಿನಿ ಕಂಡ ದರ್ಶನಗಳ ಪುಸ್ತಕದಿಂದ ಗಿಬ್ಸನ್ ಇಂಥ ಎಷ್ಟೋ ವಿವರ ತೆಗೆದುಕೊಂಡಿದ್ದಾರೆ. ಹಾಗಾಗಿ ಇದೆಲ್ಲ ಶುಭಸಂದೇಶದಲ್ಲಿ ಇದ್ದ ಹಾಗೇ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಬ್ಬ ಅಕ್ಕ ಪಿಸುಮಾತಿನಲ್ಲಿ ಹೇಳಿದರು, "ಎಲ್ಲರೂ ಅತ್ತರು, ನಂಗೆ ಅಳುನೇ ಬರಲಿಲ್ಲ. ನನ್ನ ವಿಶ್ವಾಸ ಕಡಿಮೆನಾ?" ಇಲ್ಲ ಅಕ್ಕ, ಖಂಡಿತ ಇಲ್ಲ. ಕೆಲವರಿಗೆ ರಕ್ತ ನೋಡಿದರೆ ಮೈ ಮರಗಟ್ಟುತ್ತದೆ. ಅದಕ್ಕೂ ವಿಶ್ವಾಸಕ್ಕೂ ಸಂಬಂಧವೇ ಇಲ್ಲ. ಈ ಚಿತ್ರ ನೋಡಿ ಅಳುವುದು ಭಕ್ತಿಯ ಪರೀಕ್ಷೆ ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ಹಬ್ಬಿದೆ. ಅದು ನನಗೆ ತುಂಬಾ ಬೇಸರ ತರುತ್ತದೆ.

ನನ್ನನ್ನು ಹೆದರಿಸಿದ್ದು ಬೇರೆ ಒಂದು ಮಾತು. ಪಿಯುಸಿ ಓದುತ್ತಿದ್ದ ಹುಡುಗ, ಬಹಳ ಒಳ್ಳೆಯವನು. "ಆ ಯೆಹೂದ್ಯರನ್ನ ಸುಮ್ನೆ ಬಿಡಬಾರದಿತ್ತು ಟೀಚರ್" ಎಂದ. ಅವನು ಜೀವನದಲ್ಲಿ ಒಬ್ಬ ಯೆಹೂದ್ಯನನ್ನೂ ನೋಡಿರಲಿಲ್ಲ.

ಬಿಡುಗಡೆಗೆ ಮೊದಲೇ ಯೆಹೂದ್ಯರ ಸಂಘಟನೆಗಳು ಎತ್ತಿದ ಆತಂಕ ಇದೇ. ಯೂರೋಪಿನಲ್ಲಿ ನೂರಾರು ವರ್ಷ ಯೇಸುವಿನ ಯಾತನೆಯ ನಾಟಕ ನೋಡಿದ ಜನ ಹೊರಗೆ ಹೋಗಿ ಯೆಹೂದ್ಯರ ಮೇಲೆ ಬಿದ್ದ ಇತಿಹಾಸವಿದೆ. ಅದಕ್ಕೇ ಅವರು ಹೆದರಿದ್ದು. ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂದು ಪಿಲಾತನ ಎದುರು ಸೇರಿದ ಯೆಹೂದ್ಯರ ಗುಂಪು ಕೂಗುವ ಮಾತು ಮತ್ತಾಯನ ಶುಭಸಂದೇಶದಲ್ಲಿದೆ. ಸಿನಿಮಾದಲ್ಲಿ ಅದರ ಸಬ್‌ಟೈಟಲ್ ತೆಗೆದರು. ಮಾತು ಮಾತ್ರ ಅರಮಾಯಿಕ್‌ನಲ್ಲಿ ಹಾಗೇ ಉಳಿಯಿತು. ಆ ಹುಡುಗನಿಗೆ ನಾನು ತೋರಿಸಿದ್ದು ನಮ್ಮದೇ ಧರ್ಮಸಭೆಯ ಮಾತನ್ನು. ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಸ್ಪಷ್ಟವಾಗಿ ಹೇಳಿದೆ: ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸುವಂತಿಲ್ಲ. ಯೇಸು ಯೆಹೂದ್ಯ. ಮರಿಯಮ್ಮ ಯೆಹೂದ್ಯೆ. ಈ ಚಿತ್ರದಲ್ಲಿ ಆ ತಾಯಿಯ ಪಾತ್ರ ಮಾಡಿದ ಮಾಯಾ ಮಾರ್ಗನ್‌ಸ್ಟರ್ನ್ ಕೂಡ ರೊಮೇನಿಯಾದ ಯೆಹೂದಿ ನಟಿ. ನಮ್ಮ ಹಿರಿಯರನ್ನು ಅಷ್ಟು ಅಳಿಸಿದ್ದು ಅವರ ಮುಖ.

ಆಮೇಲೆ ಅವನನ್ನು ಒಂದು ಪ್ರಶ್ನೆ ಕೇಳಿದೆ. ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಯಾತನೆಯ ವೃತ್ತಾಂತ ಓದುವಾಗ ಗುರುಗಳು ಯೇಸುವಿನ ಮಾತು ಓದುತ್ತಾರೆ, ಅಲ್ವಾ? ಜನರ ಗುಂಪಿನ ಮಾತು ಯಾರು ಹೇಳುತ್ತಾರೆ? ಅವನು ಸ್ವಲ್ಪ ಹೊತ್ತು ಯೋಚಿಸಿ, "ನಾವೇ" ಎಂದ. ಹೌದು. ನನ್ನ ಅಜ್ಜಿ, ನನ್ನ ಅಮ್ಮ, ನಾನು, ಎಲ್ಲರೂ ಚರ್ಚಿನಲ್ಲಿ ನಿಂತು "ಅವನನ್ನು ಶಿಲುಬೆಗೇರಿಸಿ" ಎಂದು ಹೇಳುತ್ತಲೇ ಬಂದಿದ್ದೇವೆ. ಪ್ರತಿ ಸಲ ಆ ಸಾಲಿಗೆ ಬಂದಾಗ ನನ್ನ ದನಿ ತಗ್ಗುತ್ತದೆ. ಸಿನಿಮಾದ ಎದುರು ಕುಳಿತಾಗ ಆ ಸಂಕಟ ಇರುವುದಿಲ್ಲ. ಅಲ್ಲಿ ಕೂಗುವವರು ಬೇರೆ ಯಾರೋ. ನಾವು ಕತ್ತಲಲ್ಲಿ ಕೂತು ಕೋಪ ಮಾಡಿಕೊಳ್ಳಬಹುದು.

ರಕ್ತ ಕಡಿಮೆ ಮಾಡಿದ್ದರೆ ಆಗುತ್ತಿತ್ತಾ ಎಂದೂ ಕೆಲವರು ಕೇಳುತ್ತಾರೆ. 2005ರಲ್ಲಿ ಗಿಬ್ಸನ್ ಐದಾರು ನಿಮಿಷ ಕತ್ತರಿಸಿ ಮತ್ತೆ ಬಿಡುಗಡೆ ಮಾಡಿದರು. ಜನ ಅಷ್ಟಾಗಿ ಬರಲಿಲ್ಲ. ನನಗಂತೂ ಐದು ನಿಮಿಷದಿಂದ ವ್ಯತ್ಯಾಸ ಆಗುತ್ತದೆ ಅನಿಸುವುದಿಲ್ಲ.

ನಮ್ಮ ಸಂತ ಫಿಲೋಮಿನಾ ಚರ್ಚಿಗೆ ಹೋದಾಗ ಬಣ್ಣದ ಗಾಜಿನ ಕಿಟಕಿಗಳನ್ನು ನೋಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚು ಅದು. ಹೊರಗಿನಿಂದ 175 ಅಡಿಯ ಜೋಡಿ ಗೋಪುರಗಳನ್ನು ಎಲ್ಲರೂ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ನನಗೆ ಚಿಕ್ಕಂದಿನಿಂದ ಇಷ್ಟ ಆ ಕಿಟಕಿಗಳು. ಯೇಸುವಿನ ಹುಟ್ಟು ಇದೆ, ಕೊನೆಯ ಊಟ ಇದೆ, ಶಿಲುಬೆ ಇದೆ, ಪುನರುತ್ಥಾನ ಇದೆ. ಬಿಸಿಲು ಎಲ್ಲದರ ಮೂಲಕವೂ ಒಳಗೆ ಬರುತ್ತದೆ. ಸಿನಿಮಾ ಎರಡು ಗಂಟೆ ಒಂದೇ ಕಿಟಕಿಯ ಮುಂದೆ ನಿಲ್ಲುತ್ತದೆ. ಪುನರುತ್ಥಾನಕ್ಕೆ ಕೊನೆಯಲ್ಲಿ ಸಿಗುವುದು ಒಂದೆರಡು ನಿಮಿಷ. ಇಡೀ ಕಥೆ ಗೊತ್ತಿರುವ ದೊಡ್ಡವರು ಉಳಿದ ಕಿಟಕಿಗಳನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಾರೆ. ಆರು ವರ್ಷದ ಮಗುವಿಗೆ ಆ ಒಂದೇ ಕಿಟಕಿ ದೇವರಾಗಿಬಿಡುತ್ತದೆ.

ಈಗ ನಾನು ಮಕ್ಕಳನ್ನು ಶಿಲುಬೆ ಹಾದಿಗೆ ಕರೆದುಕೊಂಡು ಹೋಗುತ್ತೇನೆ. ಯೇಸುವಿನ ಕೊನೆಯ ನಡಿಗೆಯ ಚಿತ್ರಗಳ ಮುಂದೆ ಪ್ರಾರ್ಥಿಸುತ್ತಾ ಸಾಗುವುದು, ಹದಿನಾಲ್ಕು ಸ್ಥಳ. ಪ್ರತಿ ಚಿತ್ರದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತೇನೆ: ಇಲ್ಲಿ ಪಕ್ಕದಲ್ಲಿ ಯಾರು ನಿಂತಿದ್ದಾರೆ, ಅವರು ಏನು ಮಾಡುತ್ತಿದ್ದಾರೆ? ನಾಲ್ಕನೆಯದರಲ್ಲಿ ತಾಯಿ. ಐದನೆಯದರಲ್ಲಿ ಸಿಮೋನ. ಆರನೆಯದರಲ್ಲಿ ವೆರೋನಿಕ. ಮಕ್ಕಳು ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಸಿಮೋನನಿಗೆ ಭಾರ ಆಗಲಿಲ್ವಾ, ಅವನ ಮಕ್ಕಳು ಜೊತೆಗಿದ್ರಾ ಎಂದೆಲ್ಲ ಕೇಳುತ್ತಾರೆ.

ಪಿಯುಸಿ ಮುಗಿಸಿದವರು ಆ ಚಿತ್ರ ನೋಡಬೇಕು ಎಂದರೆ ನಾನು ಬೇಡ ಎನ್ನುವುದಿಲ್ಲ. ಶುಭ ಶುಕ್ರವಾರ ರಾತ್ರಿ ಒಬ್ಬರೇ ಮೊಬೈಲಿನಲ್ಲಿ ನೋಡಬೇಡಿ, ನಮ್ಮ ಮನೆಗೆ ಬನ್ನಿ ಎನ್ನುತ್ತೇನೆ. ಮಧ್ಯಾಹ್ನ ಹಾಕುತ್ತೇನೆ, ಬಾಗಿಲು ತೆರೆದೇ ಇರುತ್ತದೆ. ಏಟು ಬೀಳುವಾಗ ಬೆನ್ನನ್ನು ನೋಡುವುದು ಬಿಟ್ಟು ಆ ತಾಯಿಯ ಮುಖ ನೋಡಿ ಎಂದು ಹೇಳುತ್ತೇನೆ. ಆಗಲ್ಲ ಅನಿಸಿದವರು ಎದ್ದು ಅಡುಗೆಮನೆಗೆ ಬಂದು ಕಾಫಿಗೆ ಇಡಬಹುದು. ಹೋದ ವರ್ಷ ಬಂದ ನಾಲ್ವರಲ್ಲಿ ಇಬ್ಬರು ಹಾಗೇ ಎದ್ದು ಬಂದರು.