ಯಕ್ಷಗಾನದ ರಾ ಫೈಲ್‌ಗಳ ಪರಿವರ್ತನೆ: ಕೆಂಪು ಬಣ್ಣ ಹದಕ್ಕೆ ಬಂದ ಹಂತ

ಯಕ್ಷಗಾನ ಪ್ರದರ್ಶನಗಳಲ್ಲಿ ಹಲವು ವರ್ಷಗಳಿಂದ ತೆಗೆದ ರಾ ಫೈಲ್‌ಗಳನ್ನು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲ್‌ಗಳನ್ನು, ಟಿಫ್ ಮತ್ತು ಜೆಪೆಗ್ ಎಂಬ ಚಿತ್ರರೂಪಗಳಿಗೆ ತರುವ ಕೆಲಸ ಈಗ ಅರ್ಧಕ್ಕಿಂತ ಮುಂದೆ ಸಾಗಿದೆ. ನಿಕಾನ್ ಕ್ಯಾಮೆರಾದ ಎನ್‌ಇಎಫ್ ಫೈಲ್‌ಗಳು ಮುಗಿಯುತ್ತ ಬಂದಿವೆ, ಸ್ನೇಹಿತರೊಬ್ಬರು ತಮ್ಮ ಕ್ಯಾನನ್ ಕ್ಯಾಮೆರಾದಲ್ಲಿ ತೆಗೆದುಕೊಟ್ಟ ಸಿಆರ್2 ಫೈಲ್‌ಗಳ ಕೆಲಸ ನಡೆಯುತ್ತಿದೆ, ಅವರ ಹೊಸ ಕ್ಯಾಮೆರಾದ ಸಿಆರ್3 ಫೈಲ್‌ಗಳನ್ನು ಇನ್ನೂ ಕೈಗೆತ್ತಿಕೊಂಡಿಲ್ಲ. ಈ ಚಿತ್ರಗಳು ವೇಷಧಾರಿಗಳ ಕೈ ಸೇರಬೇಕು, ಕೆಲವು ದೊಡ್ಡ ಅಳತೆಯಲ್ಲಿ ಮುದ್ರಣವಾಗಬೇಕು. ಜೊತೆಗೆ, ಮುಂದೆ ಯಾರಾದರೂ ವೇಷಭೂಷಣವನ್ನೋ ಮುಖವರ್ಣಿಕೆಯನ್ನೋ ಅಭ್ಯಾಸ ಮಾಡಲು ಹೊರಟರೆ ಬಣ್ಣದ ವಿಷಯದಲ್ಲಿ ಇವುಗಳನ್ನು ನಂಬುವಂತಿರಬೇಕು. ಕೆಲಸದ ವಿಧಾನವೆಲ್ಲ ನಿರ್ಧಾರವಾಗಿರುವುದು ಈ ಕೊನೆಯ ಉದ್ದೇಶದಿಂದ.

ರಾ ಫೈಲ್‌ನಲ್ಲಿರುವುದು ಸೆನ್ಸರ್ ಅಳೆದ ಬೆಳಕಿನ ಅಂಕಿಗಳು ಮಾತ್ರ. ಸೆನ್ಸರ್‌ನ ಪ್ರತಿ ಬಿಂದುವಿನ ಮೇಲೆ ಕೆಂಪು, ಹಸಿರು ಅಥವಾ ನೀಲಿ, ಈ ಮೂರರಲ್ಲಿ ಒಂದೇ ಬಣ್ಣದ ಫಿಲ್ಟರ್ ಇರುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆತ ಈ ಜೋಡಣೆಯಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಉಳಿದವು ಕೆಂಪಿಗೂ ನೀಲಿಗೂ ಸಮಪಾಲಾಗಿ ಮೀಸಲಾಗಿವೆ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕಹಾಕಿ ತುಂಬಬೇಕು, ಬೆಳಕಿನ ಬಣ್ಣಕ್ಕೆ ತಕ್ಕಂತೆ ಮೂರನ್ನೂ ಸರಿದೂಗಿಸಬೇಕು, ನಂತರ ಯಾವ ಬಣ್ಣವ್ಯಾಪ್ತಿಯೊಳಗೆ (ಫೈಲ್ ತೋರಿಸಬಲ್ಲ ಬಣ್ಣಗಳ ಮಿತಿಯೊಳಗೆ) ಇಡಬೇಕೆಂದು ತೀರ್ಮಾನಿಸಬೇಕು. 14 ಬಿಟ್‌ನ ಫೈಲ್‌ನಲ್ಲಿ ಪ್ರತಿ ಬಿಂದುವಿಗೆ 16,384 ಮಟ್ಟಗಳಿದ್ದರೆ ಸಾಮಾನ್ಯ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಷ್ಟೇ ಉಳಿಯುತ್ತವೆ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವನ್ನು ನಾವು ಕೈಗೊಳ್ಳದಿದ್ದರೆ ತಂತ್ರಾಂಶವೇ ಕೈಗೊಳ್ಳುತ್ತದೆ, ಮತ್ತು ರಾತ್ರಿಯ ರಂಗಸ್ಥಳದ ಚಿತ್ರಗಳಲ್ಲಿ ಅದರ ತೀರ್ಮಾನ ಬಹಳಷ್ಟು ಸಲ ತಪ್ಪಾಗಿರುತ್ತದೆ.

ಪರಿವರ್ತನೆಗೆ ಡಿಸಿರಾ ಎಂಬ ಉಚಿತ ತಂತ್ರಾಂಶವನ್ನು ಆರಿಸಿಕೊಂಡಿದ್ದೇನೆ. ಡೇವ್ ಕಾಫಿನ್ ಅವರು 1997ರಲ್ಲಿ ಆರಂಭಿಸಿದ, ಸಿ ಭಾಷೆಯ ಒಂದೇ ಕಡತದಲ್ಲಿ ಅಡಕವಾಗಿರುವ ಈ ತಂತ್ರಾಂಶಕ್ಕೆ ಕಿಟಕಿಯಿಲ್ಲ, ಗುಂಡಿಗಳಿಲ್ಲ. ಟರ್ಮಿನಲ್‌ನಲ್ಲಿ ಟೈಪ್ ಮಾಡಿಯೇ ಆದೇಶ ಕೊಡಬೇಕು. ಹೊಸಬರಿಗೆ ಇದು ತೊಡಕೆನಿಸಬಹುದು. ಆದರೆ ಕೊಟ್ಟ ಆದೇಶವನ್ನು ಒಂದು ಪಠ್ಯ ಕಡತದಲ್ಲಿ ಹಾಗೆಯೇ ಬರೆದಿಟ್ಟರೆ, ಹತ್ತು ವರ್ಷದ ನಂತರವೂ ಅದೇ ರಾ ಫೈಲ್‌ನಿಂದ ಅದೇ ಚಿತ್ರವನ್ನು ಮತ್ತೆ ಪಡೆಯಬಹುದು, ಹೇಗೆ ಪಡೆದೆವೆಂದು ಇನ್ನೊಬ್ಬರಿಗೆ ತೋರಿಸಲೂಬಹುದು. ದಾಖಲೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗುಣ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ನಿಲ್ಲಿಸಬೇಕಾದದ್ದು ತಾನಾಗಿ ಬೆಳಕು ಹೆಚ್ಚಿಸುವ ಲೆಕ್ಕವನ್ನು. ಡಿಸಿರಾ ಬೇರೆ ಆದೇಶವಿಲ್ಲದಿದ್ದರೆ ಚಿತ್ರದ ಶೇಕಡಾ 1ರಷ್ಟು ಬಿಂದುಗಳು ಪೂರ್ತಿ ಬಿಳಿಯಾಗುವವರೆಗೆ ಇಡೀ ಚಿತ್ರವನ್ನು ಬೆಳಗಿಸುತ್ತದೆ. ಹಗಲಿನ ಚಿತ್ರದಲ್ಲಿ ಇದರಿಂದ ಅಂಥ ತೊಂದರೆಯಿಲ್ಲ. ರಂಗಸ್ಥಳದಲ್ಲಿ ಹಾಗಲ್ಲ: ಹಿಂದೆ ಕಪ್ಪು ಪರದೆ, ನಡುವೆ ಒಂದೇ ವೇಷ, ಮುಂದಿನ ಚಿತ್ರದಲ್ಲಿ ಅದೇ ವೇಷ ತುಸು ದೂರದಲ್ಲಿ. ಎರಡಕ್ಕೂ ಕ್ಯಾಮೆರಾದಲ್ಲಿ ಒಂದೇ ಎಕ್ಸ್‌ಪೋಶರ್ ಇದ್ದರೂ ಹೊರಬರುವ ಚಿತ್ರಗಳ ಬೆಳಕು ಬೇರೆಬೇರೆಯಾಗುತ್ತದೆ, ಮುಖದ ಬಣ್ಣವೂ ಅದರೊಂದಿಗೆ ಏರಿಳಿಯುತ್ತದೆ. ದೊಡ್ಡಕ್ಷರದ ಡಬ್ಲ್ಯು ಎಂಬ ಆಯ್ಕೆ ಇದನ್ನು ತಡೆಯುತ್ತದೆ. ಅದನ್ನು ಸೇರಿಸಿದ ಮೇಲೆ ಒಂದು ಪ್ರಸಂಗದ ಚಿತ್ರಗಳೆಲ್ಲ ಒಂದೇ ಮಟ್ಟದಲ್ಲಿ ಬರುತ್ತಿವೆ, ಬೆಳಕನ್ನು ಏರಿಸಬೇಕಾದಲ್ಲಿ ಅದನ್ನು ಗೊತ್ತಿದ್ದೇ ಏರಿಸುತ್ತಿದ್ದೇನೆ.

ಅತಿ ಹೆಚ್ಚು ಸಮಯ ಹಿಡಿದದ್ದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಮೂರು ಬಣ್ಣಗಳನ್ನು ಸರಿದೂಗಿಸುವುದು. ಈಗಿನ ರಂಗಸ್ಥಳಗಳಲ್ಲಿ ಹ್ಯಾಲೋಜನ್ ದೀಪ, ಟ್ಯೂಬ್‌ಲೈಟ್, ಬಣ್ಣ ಬದಲಿಸುವ ಎಲ್‌ಇಡಿ, ಇವೆಲ್ಲ ಕಲಸಿಕೊಂಡಿರುತ್ತವೆ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಪ್ರತಿ ಚಿತ್ರಕ್ಕೂ ಬೇರೆ ಅಂಕಿಗಳನ್ನು ದಾಖಲಿಸಿರುವುದರಿಂದ ಅದನ್ನು ಬಳಸುವಂತಿರಲಿಲ್ಲ. ಇಡೀ ಚಿತ್ರದ ಸರಾಸರಿ ತೆಗೆದು ಸರಿದೂಗಿಸುವ ಆಯ್ಕೆಯಂತೂ ಯಕ್ಷಗಾನಕ್ಕೆ ಖಂಡಿತ ಸಲ್ಲದು. ಚೌಕಟ್ಟು ತುಂಬ ಕೆಂಪು ವೇಷವಿದ್ದರೆ ಅದು ಬೆಳಕೇ ಕೆಂಪಾಗಿದೆ ಎಂದು ಭಾವಿಸಿ ಇಡೀ ಚಿತ್ರವನ್ನು ನೀಲಿ-ಹಸಿರಿನ ಕಡೆಗೆ ತಳ್ಳುತ್ತದೆ.

ಹಾಗಾದರೆ ತಟಸ್ಥವೆಂದು ನಂಬಬಹುದಾದ ಬಿಳಿ ರಂಗಸ್ಥಳದಲ್ಲಿ ಎಲ್ಲಿದೆ? ಭಾಗವತರ ಪಂಚೆಯನ್ನು ಮೊದಲು ಪರೀಕ್ಷಿಸಿದೆ. ಬಿಳಿ ಬಟ್ಟೆಗೆ ನೀಲಿ ಹಾಕಿ ಒಗೆಯುವ ರೂಢಿಯಿದೆ, ಸೋಪಿನ ಪುಡಿಗಳಲ್ಲಿ ಹೊಳಪು ಕೊಡುವ ರಾಸಾಯನಿಕಗಳೂ ಇರುತ್ತವೆ. ಆ ಬಿಳಿಯನ್ನು ಆಧಾರವಾಗಿ ಹಿಡಿದರೆ ಚರ್ಮದ ಬಣ್ಣ ಹಳದಿಗೆ ತಿರುಗುತ್ತದೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ (ರಾಕ್ಷಸ ಮೊದಲಾದ ಉಗ್ರ ಪಾತ್ರಗಳ) ಚುಟ್ಟಿ ಇದಕ್ಕಿಂತ ಬಹಳ ಉತ್ತಮ ಆಧಾರವೆಂದು ಕಂಡುಬಂದಿದೆ. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ, ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಈ ಬಿಳಿ ಹೊಳೆಯುವುದಿಲ್ಲ, ಹೀಗಾಗಿ ದೀಪದ ಬೆಳಕು ಅದರ ಮೇಲೆ ನೇರವಾಗಿ ಪ್ರತಿಫಲಿಸಿ ಕಣ್ಣು ಕುಕ್ಕುವುದು ಕಡಿಮೆ. ಅದರಲ್ಲಿ ತುಸು ಬೆಚ್ಚನೆಯ ಛಾಯೆ ಇದ್ದರೂ ಅದು ಎಲ್ಲ ಚಿತ್ರಗಳಲ್ಲೂ ಒಂದೇ ರೀತಿ ಇರುತ್ತದೆ ಎಂಬುದು ಮುಖ್ಯ.

ಕ್ರಮ ಹೀಗಿದೆ. ಒಂದು ಪ್ರಸಂಗದಲ್ಲಿ ದೀಪಗಳು ಬದಲಾಗದ ಭಾಗವನ್ನು ಆಯ್ದು, ಚುಟ್ಟಿ ಸ್ಪಷ್ಟವಾಗಿ ಕಾಣುವ ಒಂದು ಚಿತ್ರವನ್ನು ನೂರು ಪ್ರತಿಶತ ಅಳತೆಯಲ್ಲಿ ತೆರೆಯುತ್ತೇನೆ. ಕೆನ್ನೆಯ ಬಳಿ, ಮುಳ್ಳುಗಳ ನೆರಳು ಬೀಳದ, ಪಕ್ಕದ ಕೆಂಪು ಬಣ್ಣದ ಪ್ರತಿಫಲನ ತಾಗದ ಒಂದು ಸಣ್ಣ ಆಯತವನ್ನು ಹುಡುಕಿ, ಅದರ ಎಡ ಮತ್ತು ಮೇಲಿನ ಅಂಚು, ಅಗಲ, ಎತ್ತರ, ಈ ನಾಲ್ಕು ಅಂಕಿಗಳನ್ನು ದೊಡ್ಡಕ್ಷರದ ಎ ಆಯ್ಕೆಯ ಮುಂದೆ ಕೊಟ್ಟರೆ ಡಿಸಿರಾ ಆ ಆಯತವನ್ನು ತಟಸ್ಥವೆಂದು ಭಾವಿಸಿ ಲೆಕ್ಕ ಮಾಡುತ್ತದೆ. ಜೊತೆಗೆ ಚಿಕ್ಕ ವಿ ಸೇರಿಸಿದರೆ ತಾನು ಬಳಸಿದ ಗುಣಕಗಳನ್ನು, ಅಂದರೆ ಪ್ರತಿ ಬಣ್ಣವನ್ನು ಗುಣಿಸಿದ ಅಂಕಿಗಳನ್ನು, ಪರದೆಯ ಮೇಲೆ ಅಚ್ಚುಮಾಡುತ್ತದೆ. ಆ ಗುಣಕಗಳನ್ನು ಚಿಕ್ಕ ಆರ್ ಆಯ್ಕೆಯ ಮುಂದೆ ಇಟ್ಟು ಅದೇ ಭಾಗದ ಎಲ್ಲ ಚಿತ್ರಗಳಿಗೂ ಅನ್ವಯಿಸುತ್ತೇನೆ. ಹೀಗೆ ಮಾಡಿದ ಮೇಲೆ, ಚುಟ್ಟಿಯೇ ಇಲ್ಲದ ಸ್ತ್ರೀವೇಷದ ಮತ್ತು ಯುವ ವೀರರ ಪುಂಡುವೇಷದ ಮುಖಗಳೂ ಚೌಕಿಯಲ್ಲಿ ಹತ್ತಿರದಿಂದ ಕಂಡ ಬಣ್ಣಕ್ಕೆ ಬಂದು ನಿಂತಿವೆ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಫಲಿತಾಂಶ ಇದು. ಉತ್ತರದ ಶೈಲಿಯಾದ ಬಡಗುತಿಟ್ಟಿನ ಚಿತ್ರಗಳಿಗೆ ಈ ಅನುಕೂಲ ಸದಾ ಸಿಗುವುದಿಲ್ಲ; ಅಲ್ಲಿ ಹಣೆಯ ನಾಮದ ಬಿಳಿಯನ್ನು ಬಳಸಿದ್ದೇನೆ, ಆದರೆ ಅದು ತೆಳ್ಳಗಿರುವುದರಿಂದ ಸಮೀಪದ ಚಿತ್ರವಿಲ್ಲದೆ ಆಯತ ಸಿಗುವುದು ಕಷ್ಟ.

ಚುಟ್ಟಿಯ ಮೇಲೆ ದೀಪ ನೇರವಾಗಿ ಬಿದ್ದ ಕಡೆ ಮೂರು ಬಣ್ಣಗಳಲ್ಲಿ ಒಂದು ಸೆನ್ಸರ್ ಅಳೆಯಬಲ್ಲ ಗರಿಷ್ಠ ಅಂಚು ತಲುಪಿ ಮಾಹಿತಿ ಕಳೆದಿರುತ್ತದೆ. ಆ ಆಯತವನ್ನು ಅಳತೆಗೆ ಬಳಸಬಾರದು. ಅಂಥ ಜಾಗಗಳಲ್ಲಿ ಉಳಿದ ಬಣ್ಣಗಳನ್ನು ಅದೇ ಮಟ್ಟಕ್ಕೆ ಕತ್ತರಿಸದೆ ಬಿಡುವ ಆಯ್ಕೆಯನ್ನು ಕೊಟ್ಟರೆ ಬಿಳಿ ಗುಲಾಬಿಯಾಗುತ್ತದೆ. ಕತ್ತರಿಸಿದ್ದನ್ನೂ ಕತ್ತರಿಸದ್ದನ್ನೂ ಬೆರೆಸುವ ಎರಡನೆಯ ಹಂತದ ಆಯ್ಕೆ ಸಮಾಧಾನಕರವಾಗಿದೆ.

ಇನ್ನು ಕೆಂಪು. ಬಡಗಿನ ಕಸೆ ಸೀರೆಯ ಚೌಕುಳಿಯ ಕೆಂಪಾಗಲಿ, ತೆಂಕಿನ ವೇಷಗಳ ಕೆಂಪಾಗಲಿ, ಕ್ಯಾಮೆರಾದ ಜೆಪೆಗ್‌ನಲ್ಲಿ ಮಡಿಕೆಗಳೇ ಕಾಣದ ಒಂದೇ ಹಾಳೆಯಂತೆ ಬರುತ್ತದೆ. ರಾ ಫೈಲ್‌ನ ಅಂಕಿಗಳನ್ನು ನೋಡಿದರೆ ಆ ಜಾಗದಲ್ಲಿ ಕೆಂಪು ಬಹುತೇಕ ಅಂಚು ತಲುಪಿಯೇ ಇರುವುದಿಲ್ಲ, ಮಡಿಕೆಗಳ ಏರಿಳಿತ ಪೂರ್ತಿಯಾಗಿ ಇರುತ್ತದೆ. ನಷ್ಟವಾಗುತ್ತಿರುವುದು ಎಸ್‌ಆರ್‌ಜಿಬಿ ಎಂಬ ಸಣ್ಣ ಬಣ್ಣವ್ಯಾಪ್ತಿಯೊಳಗೆ ತುರುಕುವಾಗ: ಗಾಢ ಕೆಂಪು ಆ ವ್ಯಾಪ್ತಿಯ ಹೊರಗೆ ಬೀಳುವುದರಿಂದ ಕೆಂಪಿನ ಅಂಕಿ ಮೇಲಿನ ಅಂಚಿಗೆ, ಹಸಿರು ಮತ್ತು ನೀಲಿಯ ಅಂಕಿಗಳು ಸೊನ್ನೆಗೆ ಅಂಟಿಕೊಂಡು ವ್ಯತ್ಯಾಸವೇ ಅಳಿಸಿಹೋಗುತ್ತದೆ. ಆದ್ದರಿಂದ ಆಯ್ದ ಚಿತ್ರಗಳನ್ನು ಪ್ರೊಫೋಟೊ ಎಂಬ ವಿಶಾಲ ವ್ಯಾಪ್ತಿಯಲ್ಲಿ, 16 ಬಿಟ್‌ನ ಟಿಫ್ ಆಗಿ ಹೊರತೆಗೆಯುತ್ತಿದ್ದೇನೆ. ಅಲ್ಲಿಂದ ನೇರವಾಗಿ ಎಸ್‌ಆರ್‌ಜಿಬಿಗೆ ಇಳಿಸಿದರೆ ಮತ್ತೆ ಅದೇ ಕತ್ತರಿ ಬೀಳುತ್ತದೆ, ಏಕೆಂದರೆ ಬಣ್ಣವ್ಯಾಪ್ತಿಯನ್ನು ವಿವರಿಸುವ ಈ ಸಾಮಾನ್ಯ ಪ್ರೊಫೈಲ್‌ಗಳಲ್ಲಿ ಹೊರಗುಳಿದ ಬಣ್ಣವನ್ನು ನಯವಾಗಿ ಒಳಗೆ ತರುವ ಕೋಷ್ಟಕ ಇರುವುದಿಲ್ಲ. ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು ಕೆಂಪಿನ ಸಾಂದ್ರತೆಯನ್ನಷ್ಟೇ ತುಸು ತಗ್ಗಿಸಿ, ಆಮೇಲೆ ಇಳಿಸಬೇಕು. ಕೆಂಪು ಸ್ವಲ್ಪ ಮಂಕಾಗುತ್ತದೆ, ನಿಜ. ಆದರೆ ನೆರಿಗೆಗಳೂ ಜರಿಯ ಅಂಚೂ ಮರಳಿ ಬರುತ್ತವೆ. ವೇಷಭೂಷಣದ ದಾಖಲೆಗೆ ಈ ವಿನಿಮಯ ಸರಿಯೆಂದು ದೃಢವಾಗಿ ನಂಬುತ್ತೇನೆ.

ಜೆಪೆಗ್ ಮಾಡುವಾಗಲೂ ಕೆಂಪಿಗೆ ಇನ್ನೊಂದು ಅಪಾಯವಿದೆ. ಜೆಪೆಗ್ ಚಿತ್ರವನ್ನು ಬೆಳಕು ಮತ್ತು ವರ್ಣ ಎಂದು ಬೇರ್ಪಡಿಸಿ, ವರ್ಣದ ಭಾಗವನ್ನು ಸಾಮಾನ್ಯವಾಗಿ ಅಡ್ಡಕ್ಕೂ ಉದ್ದಕ್ಕೂ ಅರ್ಧ ಅಳತೆಗೆ ಇಳಿಸಿ ಜಾಗ ಉಳಿಸುತ್ತದೆ. ಬೆಳಕಿನ ಭಾಗದಲ್ಲಿ ಕೆಂಪಿನ ಪಾಲು ಸುಮಾರು ಶೇಕಡಾ 30 ಮಾತ್ರವಾದ್ದರಿಂದ, ಕಪ್ಪು ಹಿನ್ನೆಲೆಯ ಎದುರು ಕೆಂಪು ಅಂಚಿನ ವಿವರ ಬಹುಮಟ್ಟಿಗೆ ವರ್ಣದ ಭಾಗದಲ್ಲೇ ಇರುತ್ತದೆ, ಅದನ್ನು ಕುಗ್ಗಿಸಿದರೆ ಅಂಚು ಕಲಸಿದಂತಾಗುತ್ತದೆ. ಜೆಪೆಗ್ ಮಾಡಲು ಬಳಸುವ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಗುಣಮಟ್ಟವನ್ನು 90 ಅಥವಾ ಮೇಲಕ್ಕೆ ಇಟ್ಟರೆ ಈ ಕುಗ್ಗಿಸುವಿಕೆ ತಾನಾಗಿ ನಿಲ್ಲುತ್ತದೆ. ನಾನು 92 ಇಟ್ಟಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಾಗ ಅದು ಮತ್ತೆ ಕುಗ್ಗಿಸುವುದರಿಂದ ಕಲಾವಿದರಿಗೆ ಚಿತ್ರವನ್ನು ಡಾಕ್ಯುಮೆಂಟ್ ಆಗಿಯೇ ಕಳುಹಿಸುತ್ತಿದ್ದೇನೆ.

ಬಿಂದುಗಳ ನಡುವಿನ ಬಣ್ಣ ತುಂಬುವ ಲೆಕ್ಕಕ್ಕೆ ಎಎಚ್‌ಡಿ ಎಂಬ ವಿಧಾನ ಸಾಕಷ್ಟು ಚೆನ್ನಾಗಿದೆ. ಆದರೆ ಮಂದ ಬೆಳಕಿಗಾಗಿ ಸಂವೇದನೆಯನ್ನು ಐಎಸ್‌ಒ 6400ಕ್ಕೆ ಏರಿಸಿ ತೆಗೆದ ಚಿತ್ರಗಳಲ್ಲಿ ಅದು ನಾಯ್ಸನ್ನೇ (ಚುಕ್ಕೆಚುಕ್ಕೆಯಾದ ಗದ್ದಲವನ್ನೇ) ಗೆರೆಗಳೆಂದು ಭಾವಿಸಿ ಚಕ್ರವ್ಯೂಹದಂಥ ಸಣ್ಣ ವಿನ್ಯಾಸಗಳನ್ನು ಮೂಡಿಸುತ್ತದೆ. ಆ ಚಿತ್ರಗಳನ್ನು ರಾಥೆರಪಿ ತಂತ್ರಾಂಶದ ಎಲ್‌ಎಂಎಂಎಸ್‌ಇ ವಿಧಾನಕ್ಕೆ ವರ್ಗಾಯಿಸಿದ್ದೇನೆ.

ಸಂಗ್ರಹದ ವಿಷಯ ಬೇಗ ತೀರ್ಮಾನವಾಯಿತು. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರ 16 ಬಿಟ್‌ನ ಟಿಫ್ ಆದರೆ ಕುಗ್ಗಿಸದ ರೂಪದಲ್ಲಿ ಸುಮಾರು 144 ಎಂಬಿ ಆಗುತ್ತದೆ, ರಾ ಫೈಲ್‌ಗಿಂತ ಹಲವು ಪಟ್ಟು. ಎಲ್ಲವನ್ನೂ ಟಿಫ್ ಮಾಡುವುದರಲ್ಲಿ ಅರ್ಥವಿಲ್ಲ. ಮುದ್ರಣಕ್ಕೆ ಆಯ್ದವು ಮಾತ್ರ ಟಿಫ್, ಉಳಿದವಕ್ಕೆ ಜೆಪೆಗ್, ಮತ್ತು ಎಲ್ಲದಕ್ಕೂ ಮೂಲ ರಾ ಫೈಲ್ ಜೊತೆಗೆ ಗುಣಕಗಳನ್ನು ಬರೆದ ಪಠ್ಯ ಕಡತ. ಗುಣಕಗಳನ್ನು ಪ್ರತ್ಯೇಕವಾಗಿ ಬರೆದಿಡಲು ಇನ್ನೊಂದು ಕಾರಣವೂ ಇದೆ: ನಿಕಾನ್ ಡಿ2ಎಕ್ಸ್ ಕ್ಯಾಮೆರಾದ ಎನ್‌ಇಎಫ್ ಫೈಲ್‌ಗಳಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಟ್ಟಿದ್ದದ್ದು 2005ರಲ್ಲಿ ದೊಡ್ಡ ಚರ್ಚೆಯಾಗಿತ್ತು, ಅದನ್ನು ಬಿಡಿಸಿದವರು ಡಿಸಿರಾದ ಕಾಫಿನ್ ಅವರೇ. ತಯಾರಕರ ಫೈಲ್‌ನೊಳಗಿನ ಮಾಹಿತಿ ಸದಾ ಎಲ್ಲರಿಗೂ ಓದಲು ಸಿಗುತ್ತದೆಂದು ಎಣಿಸುವಂತಿಲ್ಲ. ಲೆನ್ಸ್ ಮುಂತಾದ ವಿವರಗಳು ಡಿಸಿರಾದ ಟಿಫ್‌ಗೆ ಪೂರ್ತಿಯಾಗಿ ಬರುವುದಿಲ್ಲವಾದ್ದರಿಂದ ಫಿಲ್ ಹಾರ್ವಿ ಅವರ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸಿ ಮೂಲ ಫೈಲ್‌ನಿಂದ ನಕಲಿಸುತ್ತಿದ್ದೇನೆ. ಪ್ರಸಂಗ, ತಿಟ್ಟು, ವೇಷದ ಹೆಸರುಗಳನ್ನೂ ಅದರಿಂದಲೇ ಕನ್ನಡದಲ್ಲಿ ಸೇರಿಸುತ್ತಿದ್ದೇನೆ. ರಾ ಫೈಲ್‌ಗಳಿಗೆ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ಪರೀಕ್ಷಿಸುವ ಅಂಕಿ) ಪಟ್ಟಿ ಮಾಡಿ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಟ್ಟಾಗಿದೆ.

ಟ್ಯೂಬ್‌ಲೈಟ್ ಬೆಳಕಿನ ಚಿತ್ರಗಳು ಇನ್ನೂ ಬಗೆಹರಿದಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದಾದ್ದರಿಂದ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಬೆಳಕು ಇಳಿದಾಗ ಅದರ ಬಣ್ಣವೂ ಬದಲಾಗುತ್ತದೆ. 1/100 ಸೆಕೆಂಡಿಗಿಂತ ವೇಗದ ಶಟರ್‌ನಲ್ಲಿ ಕುಣಿತ ಹಿಡಿದ ಚಿತ್ರಗಳಲ್ಲಿ ಒಂದೇ ಚೌಕಟ್ಟಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಬಣ್ಣ ಬೇರೆಯಾಗಿದೆ, ಒಂದೇ ಗುಣಕ ಇಡೀ ಚಿತ್ರಕ್ಕೆ ಹೊಂದುವುದಿಲ್ಲ. ಡಾರ್ಕ್‌ಟೇಬಲ್ ಎಂಬ ತಂತ್ರಾಂಶದಲ್ಲಿ ಮಾಸ್ಕ್ ಹಾಕಿ ಭಾಗಭಾಗವಾಗಿ ಸರಿಪಡಿಸಲು ಸಾಧ್ಯವಿದೆ, ಆದರೆ ಪ್ರತಿ ಚಿತ್ರಕ್ಕೂ ಪ್ರತ್ಯೇಕ ಕೆಲಸ ಬೇಕಾಗುವುದರಿಂದ ವೇಷಧಾರಿಗಳು ಕೇಳಿದ ಚಿತ್ರಗಳಿಗೆ ಮಾತ್ರ ಹಾಗೆ ಮಾಡುತ್ತೇನೆ.

ಸಿಆರ್3 ಫೈಲ್‌ಗಳಿಗೆ ಡಿಸಿರಾ ನೆರವಾಗದು. 2018ರಲ್ಲಿ ಕ್ಯಾನನ್ ಇಒಎಸ್ ಎಂ50 ಕ್ಯಾಮೆರಾದೊಂದಿಗೆ ಬಂದ ಈ ರೂಪ ಹಳೆಯ ಸಿಆರ್2ರಂತೆ ಟಿಫ್‌ನ ಚೌಕಟ್ಟನ್ನು ಅನುಸರಿಸುವುದಿಲ್ಲ, ಡಿಸಿರಾದ ಹೊಸ ಆವೃತ್ತಿಯೂ 2018ರ ನಂತರ ಬಂದಿಲ್ಲ. ಅಡೋಬಿಯ ಪರಿವರ್ತಕದಿಂದ ಮೊದಲು ಡಿಎನ್‌ಜಿ ಎಂಬ ಅದರದೇ ರಾ ರೂಪಕ್ಕೆ ತಂದುಕೊಳ್ಳುವುದು ಒಂದು ದಾರಿ. ಡಿಸಿರಾದ ಮೇಲೆಯೇ ಬೆಳೆದ, ರಾ ಫೈಲ್ ಓದುವ ಲಿಬ್‌ರಾ ಎಂಬ ತಂತ್ರಾಂಶ ಈಗ ಸಿಆರ್3 ಓದುತ್ತದೆ, ಅದರೊಂದಿಗೆ ಬರುವ ಡಿಸಿರಾ ಎಮ್ಯು ಎಂಬ ಸಣ್ಣ ತಂತ್ರಾಂಶದಲ್ಲಿ ಆಯತದ ಆಯ್ಕೆಯೂ ಗುಣಕದ ಆಯ್ಕೆಯೂ ಅವೇ ಅಕ್ಷರಗಳಲ್ಲಿ ಉಳಿದಿವೆ. ಮೊದಲು ಸಿಆರ್2ರ ಒಂದು ಪ್ರಸಂಗವನ್ನು ಎರಡೂ ತಂತ್ರಾಂಶಗಳಲ್ಲಿ ಒಂದೇ ಗುಣಕದಿಂದ ಹೊರತೆಗೆದು ಅಂಕಿಗಳು ತಾಳೆಯಾಗುತ್ತವೆಯೇ ಎಂದು ನೋಡಿ, ತಾಳೆಯಾದರೆ ಸಿಆರ್3 ಫೈಲ್‌ಗಳನ್ನು ಲಿಬ್‌ರಾದಲ್ಲೇ ಆರಂಭಿಸುತ್ತೇನೆ.