ಕೀಮೋ ನಡುವೆ ಬಯೋಫೀಡ್‌ಬ್ಯಾಕ್: ಗ್ರಾಫ್ ನೋಡುವ ಮೊದಲು ಕೈ ನೋಡಿ

ಹಾಸನ, ಚಿಕ್ಕಮಗಳೂರು ಕಡೆಯ ಅನೇಕ ಕ್ಯಾನ್ಸರ್ ರೋಗಿಗಳು ಕೀಮೋಗೆ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ಬಂದು, ಉಳಿದ ದಿನ ಊರಲ್ಲೇ ಇರುತ್ತಾರೆ. ಸುಸ್ತು, ನಿದ್ದೆಗೇಡು, ಗಾಬರಿ ಹೆಚ್ಚಾಗಿ ಕಾಡುವುದು ಆಗಲೇ. ಬೆರಳಿನ ಬಿಸಿ, ನಾಡಿಬಡಿತವನ್ನು ಸೆನ್ಸರ್‌ನಿಂದ ಅಳೆದು ಪರದೆಯಲ್ಲಿ ತೋರಿಸುತ್ತಾ ಮೈ ಸಡಿಲಿಸಲು ಕಲಿಸುವ ಬಯೋಫೀಡ್‌ಬ್ಯಾಕ್ ಒದಗುವುದು ಅಲ್ಲಿ. ಇದರಿಂದ ಗಡ್ಡೆ ಕರಗುವುದಿಲ್ಲ ಎಂಬುದನ್ನು ಮೊದಲ ದಿನವೇ ಮನೆಯವರ ಎದುರಿಗೆ ಹೇಳಿಬಿಡಿ. ಇಲ್ಲದಿದ್ದರೆ 'ಮಿಷಿನ್ ಹಾಕಿಸ್ತಿದೀವಲ್ಲ' ಎಂದು ಮುಂದಿನ ಕೀಮೋ ಮುಂದೂಡುವ ಯೋಚನೆ ಬರಬಹುದು.

ಬೆರಳಿನ ಬಿಸಿ ಅಳೆಯುವ ತರಬೇತಿಯಿಂದ ಶುರು ಮಾಡುವುದು ಸುಲಭ. ಉದ್ವೇಗದಲ್ಲಿ ಬೆರಳಿನ ರಕ್ತನಾಳ ಬಿಗಿಯುತ್ತದೆ, ತುದಿ ತಣ್ಣಗಾಗುತ್ತದೆ. ಮೈ ಸಡಿಲಾದಾಗ 33-34 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದುಂಟು. ಆದರೆ ಆಷಾಢದ ಮಳೆಯಲ್ಲಿ ಮೂಡಿಗೆರೆ ಬಸ್ಸಿನಿಂದ ಇಳಿದು ಬಂದವರ ಬೆರಳು 25 ತೋರಿಸಿದರೆ ಅದು ಚಳಿ, ಭಯವಲ್ಲ. ಶಾಲು ಹೊದಿಸಿ ಕಾಲು ಗಂಟೆ ಕೂರಿಸಿ, ಆಮೇಲೆ ಸೆನ್ಸರ್ ಅಂಟಿಸಿ. ಪೇಪರ್ ಟೇಪ್ ಬಿಗಿಯಾದರೆ ರಕ್ತ ಸರಿಯಾಗಿ ಹರಿಯದೆ ಅಂಕಿ ತಾನಾಗಿ ಇಳಿಯುತ್ತದೆ. ಬೀಡಿ, ಹೊಗೆಸೊಪ್ಪಿನ ನಿಕೋಟಿನ್ನೂ ರಕ್ತನಾಳ ಬಿಗಿಸುತ್ತದೆ. ಕಾಫಿ ಕುಡಿಯದೆ ಬನ್ನಿ ಎಂದು ಚಿಕ್ಕಮಗಳೂರಿನಲ್ಲಿ ಹೇಳಿ ಪ್ರಯೋಜನವಿಲ್ಲ. ಪ್ರತಿ ಸಲ ಅದೇ ಹೊತ್ತಿಗೆ, ಅಷ್ಟೇ ಕುಡಿದು ಬನ್ನಿ ಎಂದರೆ ನಡೆಯುತ್ತದೆ.

ಯಾವ ಕೈ ಎಂಬುದು ಇನ್ನೂ ಮುಖ್ಯ. ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದಿದ್ದರೆ ಆ ಕಡೆಯ ತೋಳಿಗೆ ಬಿಗಿ ಪಟ್ಟಿ ಬೇಡ, ಬಾವು ಬರಬಹುದು. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆಯುವವರಿಗೆ ತಣ್ಣನೆಯ ಲೋಹ ಮುಟ್ಟಿದರೂ ಬೆರಳು ಚುಚ್ಚಿದಂತಾಗುತ್ತದೆ. ಕ್ಲಿಪ್ಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಾಕಿ. ಉಗುರು ಕೆಟ್ಟಿದ್ದರೆ, ಬೆರಳಿಗೆ ಮೆಹಂದಿ ಇದ್ದರೆ ನಾಡಿ ಸೆನ್ಸರ್ ಕಿವಿಯ ಹಾಲೆಗೆ ಹೋಗಲಿ. ರೇಡಿಯೇಷನ್ ಬಿದ್ದ ಚರ್ಮಕ್ಕೆ ಅಂಟು ಪ್ಯಾಡ್ ಹಚ್ಚಲೇಬೇಡಿ.

ಉಸಿರಿನ ತರಬೇತಿಯಲ್ಲಿ ನಾಡಿಬಡಿತದ ಏರಿಳಿತ ನೋಡುತ್ತೇವೆ: ಉಸಿರೆಳೆದಾಗ ನಾಡಿ ತುಸು ವೇಗ, ಬಿಟ್ಟಾಗ ನಿಧಾನ. ನಿಮಿಷಕ್ಕೆ ಸುಮಾರು 6 ಉಸಿರು, ಅಂದರೆ ಒಳಗೆ 4 ಸೆಕೆಂಡ್, ಹೊರಗೆ 6. ಹೆಚ್ಚಿನವರಿಗೆ 4.5ರಿಂದ 6.5ರ ನಡುವೆ ಎಲ್ಲೋ ಒಂದು ವೇಗಕ್ಕೆ ಏರಿಳಿತ ದೊಡ್ಡದಾಗುತ್ತದೆ. ಎರಡೆರಡು ನಿಮಿಷ ಒಂದೊಂದು ವೇಗ ಕೊಟ್ಟು ಹುಡುಕಬೇಕು. ಆರೋಗ್ಯವಂತರಿಗೆ ಹೇಳುವ 20 ನಿಮಿಷ ಕೀಮೋದವರಿಗೆ ಜಾಸ್ತಿ. ಐದು ನಿಮಿಷದಿಂದ ಶುರು ಮಾಡಿ. ತಲೆ ಹಗುರಾಗಿ ತುಟಿ ಜುಮ್ಮೆಂದರೆ ಉಸಿರು ಅತಿಯಾಗಿದೆ, ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿದೆ ಎಂದರ್ಥ. ವೇಗ ಅದೇ ಇರಲಿ, ಉಸಿರಿನ ಆಳ ಕಡಿಮೆ ಮಾಡಿಸಿ. ಹೊಟ್ಟೆಯ ಹೊಲಿಗೆ ಹಸಿ ಇದ್ದರೆ 'ಹೊಟ್ಟೆ ಉಬ್ಬಿಸಿ' ಎನ್ನಬೇಡಿ.

ಗ್ರಾಫ್ ಚಪ್ಪಟೆಯಾದರೆ ರೋಗಿಯನ್ನು ದೂರುವ ಮೊದಲು ಔಷಧಿ ಚೀಟಿ ಕೇಳಿ. ಹಿಮೋಗ್ಲೋಬಿನ್ ಇಳಿದಿದ್ದರೆ ನಾಡಿ ಓಡುತ್ತಿರುತ್ತದೆ. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ ಏರಿಳಿತವನ್ನು ಕುಗ್ಗಿಸುತ್ತದೆ. ಕೀಮೋ ಜೊತೆ ಕೊಡುವ ಡೆಕ್ಸಾಮೆಥಸೋನ್ ಮೊದಲೆರಡು ರಾತ್ರಿ ನಿದ್ದೆ ಕೆಡಿಸಬಹುದು, ಹೊಸ ಪಾಠಕ್ಕೆ ಆ ದಿನಗಳು ಬೇಡ. ನಾಡಿ ತಾಳ ತಪ್ಪುವ ಹೃದಯದವರಲ್ಲಿ ಈ ಗ್ರಾಫ್‌ಗೆ ಬೆಲೆಯೇ ಇಲ್ಲ.

'ಬಿಸಿ ಮಾಡ್ಲೇಬೇಕು ಅಂತ ಹಟ ಹಿಡೀಬೇಡಿ ಅಮ್ಮ, ಹಂಗೇ ಬಿಟ್ಬಿಡಿ' ಎಂದರೆ ಅಂಕಿ ಏರುವುದುಂಟು, ಹಟ ಹಿಡಿದಷ್ಟೂ ಬೆರಳು ತಣ್ಣಗಾಗುತ್ತದೆ. ಎಷ್ಟು ಹೇಳಿದರೂ ಗೆಲ್ಲಲು ಹೊರಡುವವರಿಗೆ ಪರದೆ ಆಚೆ ತಿರುಗಿಸಿ, ಕೊನೆಗೆ ತೋರಿಸಿ.

ಕೀಮೋಗೆ ಮೊದಲೇ ಬರುವ ವಾಕರಿಕೆಗೆ ಔಷಧಿಯ ಜೊತೆಗೆ ಇದನ್ನೂ ಕಲಿಸಬಹುದು. ಸ್ಪಿರಿಟ್ ವಾಸನೆ, ಕೆಂಪು ಔಷಧಿಯ ಬಾಟಲಿ ಕಂಡರೇ ಹೊಟ್ಟೆ ತೊಳಸುತ್ತದೆ ಎನ್ನುವವರಿಗೆ ಡ್ರಿಪ್ ಹಾಕಿದ ಮೇಲೆ ಕಲಿಸಲು ಕೂತರೆ ತಡವಾಯಿತು. ಹಿಂದಿನ ವಾರವೇ ಮನೆಯಲ್ಲಿ ಅಭ್ಯಾಸವಾಗಿರಬೇಕು. ಶಿರಾಡಿ, ಚಾರ್ಮಾಡಿ ತಿರುವುಗಳಲ್ಲಿ ಬರುವ ವಾಂತಿ ಬೇರೆ, ಅದನ್ನು ಇದರ ಲೆಕ್ಕಕ್ಕೆ ಸೇರಿಸಬೇಡಿ.

ಫಲ ನೋಡಲು ಗ್ರಾಫಿಗಿಂತ ಒಂದು ನೋಟ್‌ಬುಕ್ ಸಾಕು: ಸುಸ್ತು, ನಿದ್ದೆ, ವಾಕರಿಕೆಗೆ ದಿನಕ್ಕೊಮ್ಮೆ 0ಯಿಂದ 10ರೊಳಗೆ ಅಂಕ. ಕೀಮೋ ಆದ ಎಷ್ಟನೇ ದಿನ ಎಂದೂ ಬರೆಸಿ, ಐದನೇ ದಿನವನ್ನು ಮುಂದಿನ ಕೀಮೋ ಸುತ್ತಿನ ಐದನೇ ದಿನದ ಜೊತೆಗೇ ಹೋಲಿಸಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ದಿನ ತರಬೇತಿ ಇಲ್ಲ. ಬಿಳಿ ರಕ್ತಕಣ ಇಳಿದಿರಬಹುದು, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕಳಿಸಿ.