ಮಾಯಾ ಮಕ್ಕಳ ವಿದ್ಯಾರ್ಥಿವೇತನ: ಹಣ ಜನವರಿಗೆ ಮೊದಲೇ ತಲುಪಬೇಕು

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಮಾಯಾ ಎಂಬ ಮೂಲನಿವಾಸಿಗಳ ಹಳ್ಳಿಗಳಲ್ಲಿ ಓದಿಗೆ ನೆರವಾಗಲೆಂದು ಕುಟುಂಬವೊಂದು ದತ್ತಿ ಸಂಸ್ಥೆ ಕಟ್ಟಿದಾಗ ಮೊದಲು ಕಣ್ಣಿಗೆ ಬೀಳುವುದು ಪ್ರಾಥಮಿಕ ಶಾಲೆ. ಕೊಠಡಿ, ಬಣ್ಣ, ಬ್ಯಾಗು ಎಂದು ಹಣವೆಲ್ಲ ಅಲ್ಲಿಗೇ ಹೋಗುತ್ತದೆ. ಆದರೆ ಮಕ್ಕಳು ಹೆಚ್ಚಾಗಿ ಶಾಲೆ ಬಿಡುವುದು ಆರನೇ ತರಗತಿ ಮುಗಿದ ಮೇಲೆ.

ಆರು ವರ್ಷದ ಪ್ರಿಮಾರಿಯಾ, ಅಂದರೆ ಪ್ರಾಥಮಿಕ ಹಂತ, ಸರ್ಕಾರಿ ಶಾಲೆಯಲ್ಲಿ ಉಚಿತ, ಸಾಮಾನ್ಯವಾಗಿ ಊರಲ್ಲೇ ಇರುತ್ತದೆ. ಮುಂದಿನ ಮೂರು ವರ್ಷದ ಬಾಸಿಕೊಗೆ (ಏಳರಿಂದ ಒಂಬತ್ತನೇ ತರಗತಿ) ಅನೇಕರು ಪಟ್ಟಣಕ್ಕೆ ಹೋಗಬೇಕು. ಸರ್ಕಾರ, ಪುರಸಭೆ, ಪೋಷಕರು ಸೇರಿ ನಡೆಸುವ 'ಕೊಆಪೆರಾತಿವಾ' ಶಾಲೆಯಾದರೆ ತಿಂಗಳ ಶುಲ್ಕವೂ ಉಂಟು. ಅದರಾಚೆಯ ದಿವೆರ್ಸಿಫಿಕಾದೊ, ಅಂದರೆ ನಮ್ಮ ಪಿಯುಸಿಯಂಥ ಹಂತ, ಬಹುಪಾಲು ಖಾಸಗಿಯವರದು: ಬಾಚಿಯೆರಾತೊ ಎಂಬ ಕೋರ್ಸು ಎರಡು ವರ್ಷ, ಲೆಕ್ಕಪತ್ರದ ಕೋರ್ಸು ಮೂರು. ಹಾಗಾಗಿ ಏಳನೇ ತರಗತಿಗೆ ಒಬ್ಬರನ್ನು ಆರಿಸುವಾಗಲೇ ಬಾಸಿಕೊದ ಮೂರೂ ವರ್ಷದ ಹಣ ಎತ್ತಿಡಬೇಕು. ಹತ್ತು ಜನರನ್ನು ಸೇರಿಸಿ ನಡುವೆ ಕೈಬಿಡುವುದಕ್ಕಿಂತ ಮೂವರನ್ನು ಕೊನೆ ಮುಟ್ಟಿಸುವುದು ವಾಸಿ.

ಇನ್ನು ತಾರೀಕಿನ ಲೆಕ್ಕ. ಅಲ್ಲಿ ಶಾಲೆ ಜನವರಿಯಿಂದ ಅಕ್ಟೋಬರ್. ದಾಖಲಾತಿ ಶುಲ್ಕ, ಸಮವಸ್ತ್ರ, ಪುಸ್ತಕ, ಶೂ ಎಲ್ಲ ಒಂದೇ ಸಲ ಜನವರಿಯಲ್ಲಿ ಬೀಳುತ್ತವೆ. ವರ್ಷದ ನೆರವನ್ನು ಹತ್ತು ಸಮ ಕಂತು ಮಾಡಿದರೆ ಜನವರಿಯ ಖರ್ಚಿಗೆ ಮನೆಯವರು ಬಡ್ಡಿಸಾಲ ತರುತ್ತಾರೆ, ಮುಂದಿನ ಕಂತುಗಳೆಲ್ಲ ಅದಕ್ಕೇ ಜಮೆ. ಅರ್ಧ ಮೊತ್ತವನ್ನು ಡಿಸೆಂಬರ್ ನಡುವಿಗೇ ಕೊಟ್ಟು, ಉಳಿದದ್ದನ್ನು ಬಸ್ಸು, ಪಿಕಪ್ ಗಾಡಿ, ತಿಂಗಳ ಶುಲ್ಕಕ್ಕೆಂದು ಹಾಜರಿ ನೋಡಿ ಬಿಡುಗಡೆ ಮಾಡುವುದು ನಡೆಯುವ ದಾರಿ. ಇಲ್ಲೊಂದು ತೊಡಕಿದೆ. ಅಮೆರಿಕದ ದಾನಿಗಳಲ್ಲಿ ಅನೇಕರು ಕೊಡುವುದು ತೆರಿಗೆ ವರ್ಷ ಮುಗಿಯುವ ಡಿಸೆಂಬರ್ ಕೊನೆಗೆ. ಆದ್ದರಿಂದ ಈ ಜನವರಿಯ ಹಣ ಹಿಂದಿನ ವರ್ಷದ ಉಳಿಕೆಯಿಂದಲೇ ಬರಬೇಕು.

ಕಾಫಿ ಕೊಯ್ಲನ್ನೂ ಮರೆಯಬಾರದು. ಚಿಕ್ಕಮಗಳೂರು, ಕೊಡಗಿನ ಹಾಗೆಯೇ ಅಲ್ಲೂ ಹಣ್ಣು ಕೊಯ್ಯುವುದು ಹೆಚ್ಚುಕಡಿಮೆ ನವೆಂಬರಿನಿಂದ ಫೆಬ್ರವರಿವರೆಗೆ. ರಜೆ ಅದಕ್ಕೆ ಹೊಂದಿಕೊಂಡಿದ್ದರೂ ಕೊಯ್ಲು ರಜೆ ಮೀರಿ ಎಳೆಯುತ್ತದೆ. ಬೆಟ್ಟದೂರಿನಿಂದ ಕರಾವಳಿಯ ತೋಟಕ್ಕೆ ಇಳಿದ ಕುಟುಂಬ ತಡವಾಗಿ ಮರಳಿದರೆ ದಾಖಲಾತಿ ತಪ್ಪಿತು. ಕಾಗದಪತ್ರ ಅಕ್ಟೋಬರ್‌ಗೇ ಸಿದ್ಧವಿರಲಿ: ನಾಗರಿಕ ನೋಂದಣಿ ಕಚೇರಿ ರೆನಾಪ್‌ನ ಜನನ ಪತ್ರ, ಆರನೇ ತರಗತಿಯ ಪ್ರಮಾಣಪತ್ರ. ಎರಡರಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ. ಮಾಯಾ ಅಡ್ಡಹೆಸರನ್ನು ಗುಮಾಸ್ತರು ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಇದು ಡಿಪ್ಲೊಮಾ ಹೊತ್ತಿಗೆ ಸಿಕ್ಕಿಬಿದ್ದರೆ ತಿದ್ದಿಸುವುದಕ್ಕೆ ವಕೀಲರೇ ಬೇಕಾಗಬಹುದು.

ಆಯ್ಕೆಯಲ್ಲಿ ಸಾಮಾನ್ಯವಾಗಿ ಎಡವುವುದು ಅಂಕದಲ್ಲಿ. ಪಾಸಾಗಲು ನೂರಕ್ಕೆ 60 ಸಾಕು. ಎಷ್ಟೋ ಸಂಸ್ಥೆಗಳು 80 ಕೇಳುತ್ತವೆ. ಮನೆಯಲ್ಲಿ ಕಾಕ್ಚಿಕೆಲ್ ಅಥವಾ ಮಾಮ್‌ನಂಥ ಮಾಯಾ ಭಾಷೆ ಮಾತಾಡಿ ಶಾಲೆಯಲ್ಲಿ ಸ್ಪ್ಯಾನಿಷ್‌ನಲ್ಲಿ ಪರೀಕ್ಷೆ ಬರೆಯುವ ಮಗುವೇ ಆ ಜರಡಿಯಲ್ಲಿ ಉದುರಿಹೋಗುವುದು. ಉಳಿಯುವುದು ಪಟ್ಟಣದ ಅಂಗಡಿಯವರ ಮಕ್ಕಳು. 60 ಇಟ್ಟುಕೊಂಡು, ಎರಡು ತಿಂಗಳಿಗೊಮ್ಮೆ ಬರುವ ಅಂಕಪಟ್ಟಿಯಲ್ಲಿ ಇಳಿಕೆ ಕಂಡ ಕೂಡಲೇ ಗಣಿತಕ್ಕೂ ಸ್ಪ್ಯಾನಿಷ್‌ಗೂ ಟ್ಯೂಷನ್ ಹಾಕಿ. ಗ್ವಾಟೆಮಾಲಾದಲ್ಲಿ ಮಾಯಾ ಭಾಷೆಗಳು 22. ಅತಿತ್ಲಾನ್ ಸರೋವರದ ಒಂದು ದಡದ ಸಾಂತಿಯಾಗೊದಲ್ಲಿ ತ್ಸುತುಹಿಲ್, ದೋಣಿ ಹತ್ತಿ ಎದುರು ದಡದ ಪಾನಾಹಚೆಲ್‌ಗೆ ಹೋದರೆ ಕಾಕ್ಚಿಕೆಲ್. ಮನೆಭೇಟಿಗೆ ಆ ಊರಿನ ಭಾಷೆಯವರೇ ಹೋಗಬೇಕು, ಅದರಲ್ಲೂ ಹೆಂಗಸರು. ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಉತ್ತರ ಕೊಡುವವನು ಅಪ್ಪ. ಮಗಳನ್ನು ಮುಂದೆ ಓದಿಸುವ ಬಗ್ಗೆ ಅಮ್ಮನಿಗೆ ಏನನ್ನಿಸುತ್ತದೆ ಎಂಬುದು ಅರ್ಜಿಗೆ ಬರುವುದೇ ಇಲ್ಲ.

ಒಬ್ಬ ದಾನಿಗೆ ಒಂದು ಮಗು ಎಂಬ ಪದ್ಧತಿ ಹಣ ತರುತ್ತದೆ, ನಿಜ. ಆದರೆ ದಾನಿ ನಿಲ್ಲಿಸಿದ ವರ್ಷ ಆ ಮಗುವಿನ ಓದೂ ನಿಲ್ಲುತ್ತದೆ. ಎಲ್ಲರ ಹಣ ಒಂದೇ ನಿಧಿಗೆ ಬರಲಿ, ದಾನಿಗೆ ತರಗತಿಯ ಪ್ರಗತಿ ಪತ್ರ ಹೋಗಲಿ. ಮಗುವಿನ ಸುರಕ್ಷತೆಗಾಗಿ ಅದರ ಫೋಟೊ, ಅಡ್ಡಹೆಸರು, ಊರು ಮೂರೂ ಒಂದೇ ಕಡೆ ಇರಬಾರದು.

ಕುಟುಂಬದ ಸಂಸ್ಥೆ ಅಮೆರಿಕದಲ್ಲಿ ಖಾಸಗಿ ಫೌಂಡೇಶನ್ ಆಗಿ ನೋಂದಣಿಯಾಗಿದ್ದರೆ ಆಸ್ತಿಯ ಸುಮಾರು 5% ಪ್ರತಿವರ್ಷ ಹಂಚಲೇಬೇಕು. ವ್ಯಕ್ತಿಗಳಿಗೆ ನೇರವಾಗಿ ವಿದ್ಯಾರ್ಥಿವೇತನ ಕೊಡುವುದಾದರೆ ಆಯ್ಕೆಯ ವಿಧಾನಕ್ಕೆ ಅಲ್ಲಿನ ತೆರಿಗೆ ಇಲಾಖೆಯ ಒಪ್ಪಿಗೆ ಮೊದಲೇ ಬೇಕು. ಆಯ್ಕೆ ಸಮಿತಿಯಲ್ಲಿ ಊರಿನ ಶಿಕ್ಷಕರು, ತಾಯಂದಿರು ಹೆಚ್ಚಿರಲಿ, ಕುಟುಂಬದವರು ಒಬ್ಬರಿದ್ದರೆ ಸಾಕು. ಆ ಒಬ್ಬರಿಗೂ ಮತ ಬೇಡ.